ಸೊನ್ನೆ ಇಲ್ಲದ 56 ಪಂದ್ಯ

2011ರ ಜುಲೈ ಶುರುವಿನಲ್ಲಿ ಅಟ್ಲಾಂಟಾ ಬ್ರೇವ್ಸ್ ಬೇಸ್‌ಬಾಲ್ ತಂಡದ ಡ್ಯಾನ್ ಉಗ್ಲಾ ಅವರ ಬ್ಯಾಟಿಂಗ್ ಸರಾಸರಿ .173 ಇತ್ತು. ಸಾವಿರ ಅಟ್ ಬ್ಯಾಟ್‌ಗೆ (ಎಣಿಕೆಗೆ ಬರುವ ಬ್ಯಾಟಿಂಗ್ ಸರದಿಗೆ) 173 ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ಸೇರುವುದು) ಅನ್ನುವ ಲೆಕ್ಕ. ದಿನಾ ಆಡುವ ಆಟಗಾರನಿಗೆ ಇದು ತೀರಾ ಕಡಿಮೆ. ಜುಲೈ 5ರಿಂದ ಇದೇ ಉಗ್ಲಾ ಸತತ 33 ಪಂದ್ಯಗಳಲ್ಲಿ ಕನಿಷ್ಠ ಒಂದೊಂದು ಹಿಟ್ ಹೊಡೆದರು. ಅಷ್ಟಾದರೂ ಆ ವರ್ಷದ ಕೊನೆಗೆ ಅವರ ಸರಾಸರಿ .233ಕ್ಕೆ ನಿಂತಿತು.

ಈಗ ಇದರ ಪಕ್ಕ ಇನ್ನೆರಡು ಸಂಖ್ಯೆ ಇಡಿ. ಒಂದೇ ಸೀಸನ್‌ನಲ್ಲಿ 262 ಹಿಟ್ ಹೊಡೆದ ಇಚಿರೊ ಅವರ ಅತಿ ಉದ್ದದ ಸ್ಟ್ರೀಕ್, ಅಂದರೆ ಹೀಗೆ ಸತತ ಪಂದ್ಯಗಳಲ್ಲಿ ಹಿಟ್ ಹೊಡೆದ ಸರಣಿ, 27 ಪಂದ್ಯ. ಅನೇಕರು ಎಲ್ಲ ಕಾಲಕ್ಕೂ ಶ್ರೇಷ್ಠ ಹಿಟ್ಟರ್ ಅನ್ನುವ ಟೆಡ್ ವಿಲಿಯಮ್ಸ್ ಅವರದು ಬರೀ 23. ಈ ಮೂರು ಹೆಸರನ್ನು ಹೀಗೆ ಸಾಲಾಗಿ ಬರೆದು ನೋಡಿದ ಮೇಲೆ ನನಗೆ ಸ್ಟ್ರೀಕ್‌ಗಳ ಹುಚ್ಚು ಹಿಡಿಯಿತು. ಯಾವ ಗುಣವನ್ನು ಅಳೆಯುತ್ತದೆ ಇದು?

ನಾನು ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಪಟ್ಟಿ) ಓದಿಯೇ ಬೇಸ್‌ಬಾಲ್ ಕಲಿತವಳು. ಪಂದ್ಯ ನೋಡಿದ್ದಕ್ಕಿಂತ ಅಂಕಿ ಓದಿದ್ದೇ ಜಾಸ್ತಿ. ನ್ಯೂಯಾರ್ಕ್ ಯಾಂಕೀಸ್‌ನ ಜೋ ಡಿಮಾಜಿಯೊ 1941ರಲ್ಲಿ ಸತತವಾಗಿ ಹಿಟ್ ಹೊಡೆದ ಆ 56 ಪಂದ್ಯಗಳನ್ನು ಗೆರೆ ಪುಸ್ತಕದಲ್ಲಿ ಸಾಲಾಗಿ ಬರೆದಿಟ್ಟುಕೊಂಡಿದ್ದೇನೆ. ಎದುರಾಳಿ ಯಾರು, ಅಟ್ ಬ್ಯಾಟ್ ಎಷ್ಟು, ಹಿಟ್ ಎಷ್ಟು. ಮೊತ್ತ ನಿಮಗೆಲ್ಲ ಗೊತ್ತಿರಬಹುದು: 223 ಅಟ್ ಬ್ಯಾಟ್, 91 ಹಿಟ್, ಸರಾಸರಿ .408, 15 ಹೋಮ್ ರನ್. ಆದರೆ ನನ್ನ ಕಣ್ಣು ನಿಲ್ಲುವುದು ಹಿಟ್‌ಗಳ ಕಾಲಂ ಮೇಲೆ. 56ರಲ್ಲಿ 34 ಪಂದ್ಯಗಳಲ್ಲಿ ಅವರದು ಒಂದೇ ಒಂದು ಹಿಟ್. ಮೇ 15ರಂದು ಎಲ್ಲ ಶುರುವಾದ ದಿನವೂ ಅಷ್ಟೇ. ಶಿಕಾಗೋ ವೈಟ್ ಸಾಕ್ಸ್‌ನ ಎಡ್ಡಿ ಸ್ಮಿತ್ ಅವರ ಎಸೆತಕ್ಕೆ ಒಂದು ಸಿಂಗಲ್ (ಮೊದಲ ಬೇಸ್‌ವರೆಗಿನ ಹಿಟ್). ಯಾಂಕೀಸ್ ಆ ಪಂದ್ಯವನ್ನು 13-1ರಿಂದ ಸೋತಿತ್ತು.

34 ದಿನ ಒಂದೇ ಹಿಟ್ ಅಂದರೆ, ಆ ಒಂದು ತಪ್ಪಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು ಅಂತ ಅರ್ಥ. ಅಂಥ ಕೆಲವು ದಿನಗಳನ್ನು ಹೇಳಲೇಬೇಕು.

ಜೂನ್ 17, 30ನೇ ಪಂದ್ಯ, ಮತ್ತೆ ವೈಟ್ ಸಾಕ್ಸ್. ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಲ್ಯೂಕ್ ಆಪ್ಲಿಂಗ್ ಕಡೆಗೆ ಹೋದ ಸಾಧಾರಣ ಹೊಡೆತ. ಕೊನೆ ಗಳಿಗೆಯಲ್ಲಿ ಚೆಂಡು ಅಡ್ಡಾದಿಡ್ಡಿ ಪುಟಿದು ಆಪ್ಲಿಂಗ್ ಭುಜಕ್ಕೆ ಬಡಿಯಿತು. ಸ್ಕೋರರ್ ಅದನ್ನು ಫೀಲ್ಡರ್ ತಪ್ಪು ಅನ್ನದೆ ಹಿಟ್ ಅಂತ ಬರೆದರು. ಆ ದಿನದ ಒಂದು ಹಿಟ್ ಅದೇ.

ಜೂನ್ 26 ಇನ್ನೂ ಚೆನ್ನಾಗಿದೆ. 38ನೇ ಪಂದ್ಯ, ಎದುರಾಳಿ ಸೇಂಟ್ ಲೂಯಿಸ್ ಬ್ರೌನ್ಸ್, ಪಿಚರ್ (ಚೆಂಡು ಎಸೆಯುವವರು) ಎಲ್ಡನ್ ಆಕರ್. ಎಂಟನೇ ಇನಿಂಗ್ಸ್ ಬಂದರೂ ಡಿಮಾಜಿಯೊಗೆ ಹಿಟ್ ಇಲ್ಲ. ಪಂದ್ಯ ನಡೆಯುತ್ತಿರುವುದು ನ್ಯೂಯಾರ್ಕ್‌ನಲ್ಲಿ, ಯಾಂಕೀಸ್ 3-1ರಿಂದ ಮುಂದಿದೆ. ತವರಿನ ತಂಡ ಎದುರಾಳಿಯ ನಂತರ ಬ್ಯಾಟ್ ಮಾಡುತ್ತದೆ, ಅಂದರೆ ಮುನ್ನಡೆ ಉಳಿದರೆ ಕೊನೆಯ ಒಂಬತ್ತನೇ ಇನಿಂಗ್ಸ್‌ನಲ್ಲಿ ಅವರು ಬ್ಯಾಟ್ ಮಾಡುವ ಪ್ರಶ್ನೆಯೇ ಬಾರದಿರಬಹುದು. ಈ ಇನಿಂಗ್ಸ್‌ನಲ್ಲಿ ಡಿಮಾಜಿಯೊ ಸರದಿ ನಾಲ್ಕನೆಯದು. ಮೊದಲನೆಯವರು ಔಟ್. ರೆಡ್ ರೋಲ್ಫ್ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಉಚಿತ ಬೇಸ್) ಪಡೆದು ಬೇಸ್ ಸೇರಿದರು. ಮುಂದಿನವರು ಟಾಮಿ ಹೆನ್ರಿಕ್. ಅವರು ಜೋರಾಗಿ ಹೊಡೆದು ಅದು ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಇಬ್ಬರು ಔಟ್) ಆಗಿಬಿಟ್ಟರೆ ಮೂರು ಔಟ್ ತುಂಬಿ ಇನಿಂಗ್ಸ್ ಮುಗಿಯಿತು, ಡಿಮಾಜಿಯೊ ಸರದಿ ಬರುವುದೇ ಇಲ್ಲ. ಹೆನ್ರಿಕ್ ಮ್ಯಾನೇಜರ್ ಜೋ ಮೆಕಾರ್ಥಿ ಹತ್ತಿರ ಹೋಗಿ ಬಂಟ್ ಮಾಡಲೇ (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟಲೇ) ಅಂತ ಕೇಳಿದರು. ಮೆಕಾರ್ಥಿ ಒಪ್ಪಿದರು. ಹೆನ್ರಿಕ್ ಬಂಟ್ ಮಾಡಿ ಔಟಾದರು, ಡಿಮಾಜಿಯೊ ಬಂದು ಡಬಲ್ (ಎರಡನೇ ಬೇಸ್‌ವರೆಗಿನ ಹಿಟ್) ಹೊಡೆದರು.

ಬಾಕ್ಸ್ ಸ್ಕೋರ್‌ನಲ್ಲಿ ಹೆನ್ರಿಕ್ ಹೆಸರಿನ ಮುಂದೆ ಇದರ ಸುಳಿವೇ ಸಿಗುವುದಿಲ್ಲ, ಬರೀ ಒಂದು ಸ್ಯಾಕ್ರಿಫೈಸ್ (ತಾನು ಔಟಾಗಿ ಬೇಸ್‌ನಲ್ಲಿರುವವರನ್ನು ಮುಂದೆ ಸಾಗಿಸುವುದು) ಅಷ್ಟೇ. ಆದರೆ 56ರಲ್ಲಿ ಅವರ ಪಾಲೂ ಇದೆ. ನನ್ನ ಪುಸ್ತಕದಲ್ಲಿ ಆ ಸಾಲಿನ ಪಕ್ಕ ಹೆನ್ರಿಕ್ ಹೆಸರು ಬರೆದುಕೊಂಡಿದ್ದೇನೆ.

ಮುಗಿದದ್ದು ಜುಲೈ 17ರಂದು ಕ್ಲೀವ್‌ಲ್ಯಾಂಡ್‌ನಲ್ಲಿ, 67,468 ಜನರ ಎದುರು. ಥರ್ಡ್ ಬೇಸ್‌ಮನ್ ಕೆನ್ ಕೆಲ್ಟ್ನರ್ ಎರಡು ಬಿರುಸಿನ ಹೊಡೆತಗಳನ್ನು ಬ್ಯಾಕ್‌ಹ್ಯಾಂಡ್‌ನಲ್ಲಿ ತಡೆದು ಔಟ್ ಮಾಡಿದರು. ಎಂಟನೇ ಇನಿಂಗ್ಸ್‌ನಲ್ಲಿ ಜಿಮ್ ಬ್ಯಾಗ್ಬಿ ಜೂನಿಯರ್ ಎಸೆತಕ್ಕೆ ಹೊಡೆದದ್ದು ನೇರ ಶಾರ್ಟ್‌ಸ್ಟಾಪ್ ಲೂ ಬೂಡ್ರೊ ಕೈಗೆ ಹೋಗಿ ಡಬಲ್ ಪ್ಲೇ ಆಯಿತು. ಮಾರನೇ ದಿನದಿಂದ ಡಿಮಾಜಿಯೊ ಮತ್ತೆ 16 ಪಂದ್ಯ ಹಿಟ್ ಹೊಡೆದರು. 73 ಪಂದ್ಯಗಳಲ್ಲಿ 72!

ಈಗ ಲೆಕ್ಕಕ್ಕೆ ಬರೋಣ. ಇದನ್ನು ಯಾರು ಬೇಕಾದರೂ ಕ್ಯಾಲ್ಕ್ಯುಲೇಟರ್‌ನಲ್ಲಿ ಮಾಡಬಹುದು. .300 ಸರಾಸರಿಯ ಒಳ್ಳೆಯ ಬ್ಯಾಟರ್‌ಗೆ ಪಂದ್ಯಕ್ಕೆ ನಾಲ್ಕು ಅಟ್ ಬ್ಯಾಟ್ ಅಂತ ಇಟ್ಟುಕೊಳ್ಳಿ. ನಾಲ್ಕರಲ್ಲೂ ತಪ್ಪುವ ಸಂಭವ ಶೇ. 24. ಅಂದರೆ ಒಂದು ಪಂದ್ಯದಲ್ಲಿ ಹಿಟ್ ಸಿಗುವ ಸಂಭವ ಶೇ. 76. ಇದನ್ನು 56 ಸಲ ಗುಣಿಸಿದರೆ ಸುಮಾರು 48 ಲಕ್ಷಕ್ಕೆ ಒಂದು. .350 ಆದರೆ ಸುಮಾರು 60 ಸಾವಿರಕ್ಕೆ ಒಂದು. .400 ಆದರೆ ಸುಮಾರು 2,400ಕ್ಕೆ ಒಂದು. ಸರಾಸರಿ ಸ್ವಲ್ಪ ಏರಿದರೆ ಸಂಭವ ಎಷ್ಟು ಜಿಗಿಯುತ್ತದೆ ನೋಡಿ.

ಇದರಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ಗಮನಿಸುವುದಿಲ್ಲ. ಎರಡು ಪಂದ್ಯಗಳಲ್ಲಿ ನಾಲ್ಕು-ನಾಲ್ಕು ಅಟ್ ಬ್ಯಾಟ್ ಸಿಗುವುದೂ, ಒಂದರಲ್ಲಿ ಎರಡು ಇನ್ನೊಂದರಲ್ಲಿ ಆರು ಸಿಗುವುದೂ ಒಂದೇ ಅಲ್ಲ. ಒಟ್ಟು ಎಂಟೇ ಆದರೂ, ಎರಡೇ ಸಿಕ್ಕ ದಿನ ಸ್ಟ್ರೀಕ್ ಮುರಿಯುವ ಅಪಾಯ ತುಂಬಾ ಜಾಸ್ತಿ. .350 ಬ್ಯಾಟರ್‌ಗೆ ಮೊದಲ ರೀತಿಯಲ್ಲಿ ಎರಡೂ ದಿನ ಪಾರಾಗುವ ಸಂಭವ ಶೇ. 67, ಎರಡನೇ ರೀತಿಯಲ್ಲಿ ಶೇ. 53. ಪೀಟ್ ರೋಸ್, ಪಾಲ್ ಮೊಲಿಟರ್, ಜಿಮ್ಮಿ ರೋಲಿನ್ಸ್‌ರಂಥ ಉದ್ದ ಸ್ಟ್ರೀಕ್‌ನವರು ಲೀಡ್‌ಆಫ್ ಬ್ಯಾಟರ್‌ಗಳಾಗಿದ್ದದ್ದು ಅದಕ್ಕೇ ಸಹಜ. ಮೊದಲು ಬರುವವರಿಗೆ ಸರದಿ ಜಾಸ್ತಿ. ಡಿಮಾಜಿಯೊ ನಾಲ್ಕನೇ ಕ್ರಮಾಂಕದವರು.

ಇಲ್ಲೇ ಟೆಡ್ ವಿಲಿಯಮ್ಸ್ ಒಗಟೂ ಬಿಡಿಸಿಕೊಳ್ಳುತ್ತದೆ. ಡಿಮಾಜಿಯೊ ಅವರ ಆ 56 ಪಂದ್ಯಗಳ ಕಾಲದಲ್ಲೇ ವಿಲಿಯಮ್ಸ್ ಸರಾಸರಿ .412, ಅಂದರೆ ಡಿಮಾಜಿಯೊಗಿಂತ ಮೇಲು! ಅವರ 23 ಪಂದ್ಯದ ಸ್ಟ್ರೀಕ್ ಶುರುವಾದದ್ದೂ ಅದೇ 1941ರ ಮೇ 15ರಂದು. ಆ ವರ್ಷ ಅವರು .406 ಮುಟ್ಟಿದರು. ಅಲ್ಲಿಂದೀಚೆಗೆ ಅಮೆರಿಕನ್ ಲೀಗ್‌ನಲ್ಲಾಗಲಿ ನ್ಯಾಷನಲ್ ಲೀಗ್‌ನಲ್ಲಾಗಲಿ ಯಾರೂ .400 ಮುಟ್ಟಿಲ್ಲ. ಹಾಗಾದರೆ ಸ್ಟ್ರೀಕ್ ಯಾಕೆ ಉದ್ದ ಬೆಳೆಯಲಿಲ್ಲ? ವಾಕ್‌ಗಳಿಂದ. ಆ ವರ್ಷ ಡಿಮಾಜಿಯೊ ಪಡೆದ ವಾಕ್ 76, ವಿಲಿಯಮ್ಸ್ ಪಡೆದದ್ದು 147. ಕೆಟ್ಟ ಎಸೆತಕ್ಕೆ ಬ್ಯಾಟ್ ಬೀಸದಿರುವುದೇ ವಿಲಿಯಮ್ಸ್ ಅವರ ದೊಡ್ಡ ಬಲ. ಆದರೆ ಒಂದೊಂದು ವಾಕ್‌ನಿಂದಲೂ ಒಂದು ಅಟ್ ಬ್ಯಾಟ್ ಕಡಿಮೆಯಾಗುತ್ತದೆ. ಮೂರು ವಾಕ್ ಪಡೆದು ಒಂದು ಸಲ ಔಟಾದರೆ ತಂಡಕ್ಕೆ ಅದು ಒಳ್ಳೆಯ ದಿನ, ಸ್ಟ್ರೀಕ್‌ಗೆ ಕೊನೆಯ ದಿನ. ನಾಲ್ಕೂ ಸಲ ವಾಕ್ ಸಿಕ್ಕರೆ ಮಾತ್ರ ನಿಯಮದ ಪ್ರಕಾರ ಸ್ಟ್ರೀಕ್ ಮುರಿಯುವುದಿಲ್ಲ. ಆದರೆ ಹಿಟ್ ಇಲ್ಲದೆ ಒಂದು ಸ್ಯಾಕ್ರಿಫೈಸ್ ಫ್ಲೈ (ತಾನು ಕ್ಯಾಚ್ ಔಟಾದರೂ ತಂಡಕ್ಕೆ ರನ್ ತರುವ ಹೊಡೆತ) ಇದ್ದರೆ ಮುರಿಯುತ್ತದೆ.

ಹಾಗಂತ ಇದೆಲ್ಲ ಬರೀ ಅದೃಷ್ಟ ಅನ್ನಲು ನನಗೆ ಮನಸ್ಸು ಬರುವುದಿಲ್ಲ. 2008ರಲ್ಲಿ ಸ್ಯಾಮ್ಯುಯೆಲ್ ಆರ್ಬ್ಸ್‌ಮನ್ ಮತ್ತು ಸ್ಟೀವನ್ ಸ್ಟ್ರೋಗಾಟ್ಸ್ ಅನ್ನುವ ಇಬ್ಬರು ಬೇಸ್‌ಬಾಲ್‌ನ ಇಡೀ ಇತಿಹಾಸವನ್ನು ಕಂಪ್ಯೂಟರ್‌ನಲ್ಲಿ 10,000 ಸಲ ಮತ್ತೆ ಆಡಿಸಿದರು. ಅವುಗಳಲ್ಲಿ ಶೇ. 42ರಷ್ಟು ಇತಿಹಾಸಗಳಲ್ಲಿ ಯಾರಾದರೊಬ್ಬರು 56 ಅಥವಾ ಅದಕ್ಕಿಂತ ಉದ್ದದ ಸ್ಟ್ರೀಕ್ ಮಾಡಿದ್ದರು. ‘ಯಾರಾದರೊಬ್ಬರು’ ಅನ್ನುವುದು ಮುಖ್ಯ. ಹೆಚ್ಚಾಗಿ ಅದು 1890ರ ದಶಕದ ಆಟಗಾರರು, ಆಗ ಸರಾಸರಿಗಳೇ ಬಹಳ ಮೇಲಿದ್ದವು. ನಿಜವಾಗಿ ಆ ಕಾಲದಿಂದ ಉಳಿದದ್ದು 1897ರ ವಿಲ್ಲಿ ಕೀಲರ್ ಅವರ 44. ಆಗ ನ್ಯಾಷನಲ್ ಲೀಗ್‌ನಲ್ಲಿ ಫೌಲ್ (ಗೆರೆಯಾಚೆಗೆ ಹೋಗುವ ಹೊಡೆತ) ಹೊಡೆದರೆ ಅದು ಸ್ಟ್ರೈಕ್ (ಮೂರಾದರೆ ಔಟ್) ಅಂತ ಎಣಿಕೆಯಾಗುತ್ತಿರಲಿಲ್ಲ ಅನ್ನುವುದೂ ನೆನಪಿರಲಿ.

ಕಂಪ್ಯೂಟರ್ ಆಟಕ್ಕೆ ನನ್ನ ಉತ್ತರ 1933. ಆಗ ಡಿಮಾಜಿಯೊಗೆ 18 ವರ್ಷ. ಮೇಜರ್ ಲೀಗ್‌ಗೆ, ಅಂದರೆ ಆಟದ ಅತಿ ಮೇಲಿನ ಮಟ್ಟಕ್ಕೆ, ಇನ್ನೂ ಬಂದಿರಲಿಲ್ಲ. ಪೆಸಿಫಿಕ್ ಕೋಸ್ಟ್ ಲೀಗ್‌ನ ಸ್ಯಾನ್ ಫ್ರಾನ್ಸಿಸ್ಕೊ ಸೀಲ್ಸ್ ತಂಡಕ್ಕೆ ಆಡುತ್ತಾ ಸತತ 61 ಪಂದ್ಯಗಳಲ್ಲಿ ಹಿಟ್ ಹೊಡೆದಿದ್ದರು. ಇಷ್ಟು ಅಪರೂಪದ ಸಂಗತಿ ಒಬ್ಬನೇ ಮನುಷ್ಯನಿಗೆ ಎರಡು ಸಲ, ಬೇರೆ ಬೇರೆ ಮಟ್ಟದಲ್ಲಿ ಆಗಿದೆ. ಅದರಲ್ಲಿ ಕೈಚಳಕದ ಪಾಲು ದೊಡ್ಡದೇ ಇರಬೇಕು, ಅಲ್ವಾ? ಎಲ್ಲ ಲೀಗ್ ಸೇರಿಸಿ ನೋಡಿದರೆ 1919ರಲ್ಲಿ ವಿಚಿಟಾ ತಂಡದ ಜೋ ವಿಲ್ಹಾಯ್ಟ್ ಅವರ 69 ಇದೆ, ಅದು ಬೇರೆ ವಿಷಯ.

ಆ 61ಕ್ಕೂ 56ಕ್ಕೂ ಒಂದು ನಂಟಿದೆ, ಇದು ನನಗೆ ತುಂಬಾ ಇಷ್ಟ. 1933ರಲ್ಲಿ ಡಿಮಾಜಿಯೊ ಅವರನ್ನು ನಿಲ್ಲಿಸಿದ ಪಿಚರ್ ಓಕ್‌ಲ್ಯಾಂಡ್‌ನ ಎಡ್ ವಾಲ್ಶ್ ಜೂನಿಯರ್. 1941ರಲ್ಲಿ ಕೊನೆಯ ಎಸೆತ ಹಾಕಿದವರು ಜಿಮ್ ಬ್ಯಾಗ್ಬಿ ಜೂನಿಯರ್. ಇಬ್ಬರೂ ಮೇಜರ್ ಲೀಗ್ ಪಿಚರ್‌ಗಳ ಮಕ್ಕಳು, ಇಬ್ಬರಿಗೂ ಅಪ್ಪನದೇ ಹೆಸರು. ಇದರಿಂದ ಏನೂ ಸಾಬೀತಾಗುವುದಿಲ್ಲ. ಆದರೂ ನೋಡಿದಾಗಲೆಲ್ಲ ಖುಷಿಯಾಗುತ್ತದೆ.

ಮುಗಿಯುವ ರೀತಿಗಳನ್ನೇ ಬೇರೆಯಾಗಿ ಕೂಡಿಡಬಹುದು. 1949ರಲ್ಲಿ ಜೋ ಅವರ ತಮ್ಮ ಡಾಮ್ ಡಿಮಾಜಿಯೊ ಬಾಸ್ಟನ್ ರೆಡ್ ಸಾಕ್ಸ್‌ಗೆ ಆಡುತ್ತಾ 34 ಪಂದ್ಯ ಮುಟ್ಟಿದ್ದರು. ಮುಂದಿನ ಪಂದ್ಯ ಯಾಂಕೀಸ್ ಮೇಲೆ. ಕೊನೆಯ ಸರದಿಯಲ್ಲಿ ಡಾಮ್ ಚೆಂಡನ್ನು ಸೆಂಟರ್ ಫೀಲ್ಡ್ ಕಡೆಗೆ ಚೆನ್ನಾಗಿಯೇ ಬಾರಿಸಿದರು. ಅಲ್ಲಿ ನಿಂತಿದ್ದವರು ಅಣ್ಣ ಜೋ. ಹಿಡಿದುಬಿಟ್ಟರು. 1978ರಲ್ಲಿ ಪೀಟ್ ರೋಸ್ 44ಕ್ಕೆ ನಿಂತದ್ದು ಅಟ್ಲಾಂಟಾದಲ್ಲಿ. ಬ್ರೇವ್ಸ್ 16-4ರಿಂದ ಮುಂದಿದ್ದರೂ ಜೀನ್ ಗಾರ್ಬರ್ ಒಂಬತ್ತನೇ ಇನಿಂಗ್ಸ್‌ನಲ್ಲಿ ಚೇಂಜ್‌ಅಪ್ (ಬ್ಯಾಟರ್‌ನನ್ನು ಮೋಸಗೊಳಿಸುವ ನಿಧಾನದ ಎಸೆತ) ಎಸೆದು ಸ್ಟ್ರೈಕ್‌ಔಟ್ ಮಾಡಿದರು. ರೋಸ್ ಅದಕ್ಕೆ ಸಿಟ್ಟಾದರು. ನಾನು ಗಾರ್ಬರ್ ಕಡೆ. ಸುಲಭದ ಎಸೆತ ಹಾಕಿ 45 ಮಾಡಿಸಿದ್ದರೆ ಆ 45ಕ್ಕೆ ಬೆಲೆ ಎಲ್ಲಿ?

ಎಲ್ಲಕ್ಕಿಂತ ಸಂಕಟದ್ದು ಪಾಲ್ ಮೊಲಿಟರ್ ಅವರದು. 1987ರ ಆಗಸ್ಟ್ 26, ಮಿಲ್ವಾಕೀ. 39 ಪಂದ್ಯ ಆಗಿದೆ. ಕ್ಲೀವ್‌ಲ್ಯಾಂಡ್‌ನ ಹೊಸ ಪಿಚರ್ ಜಾನ್ ಫ್ಯಾರೆಲ್ ಎದುರು ಹಿಟ್ ಸಿಕ್ಕಿಲ್ಲ. ಒಂಬತ್ತು ಇನಿಂಗ್ಸ್ ಮುಗಿದರೂ 0-0. ಹತ್ತನೇ ಇನಿಂಗ್ಸ್‌ನಲ್ಲಿ ರಿಕ್ ಮ್ಯಾನಿಂಗ್ ಬ್ಯಾಟ್ ಮಾಡುತ್ತಿದ್ದಾರೆ, ಮುಂದಿನ ಸರದಿ ಮೊಲಿಟರ್ ಅವರದು. ಮ್ಯಾನಿಂಗ್ ಸಿಂಗಲ್ ಹೊಡೆದರು, ರನ್ ಬಂತು, ಪಂದ್ಯ ಗೆದ್ದಾಯಿತು. ತಮ್ಮ ತಂಡವೇ ಗೆದ್ದಿದ್ದರೂ ತಮ್ಮ ಊರಿನ ಪ್ರೇಕ್ಷಕರೇ ಮ್ಯಾನಿಂಗ್‌ಗೆ ಬೂ ಅಂದರು. ಹೆನ್ರಿಕ್ ಔಟಾಗಿ ಒಂದು ಸ್ಟ್ರೀಕ್ ಉಳಿಸಿದರು, ಮ್ಯಾನಿಂಗ್ ಹಿಟ್ ಹೊಡೆದು ಇನ್ನೊಂದನ್ನು ಮುಗಿಸಿದರು.

ಸ್ಟ್ರೀಕ್ ಬಿಟ್ಟರೂ ಬೇಸ್‌ಬಾಲ್ ಅಂಕಿಗಳಲ್ಲಿ ವಿಚಿತ್ರಗಳಿಗೆ ಬರವಿಲ್ಲ. ಕಾರ್ಡಿನಲ್ಸ್‌ನ ಸ್ಟ್ಯಾನ್ ಮ್ಯೂಸಿಯಲ್ ಒಟ್ಟು 3,630 ಹಿಟ್ ಹೊಡೆದರು: ತವರಿನಲ್ಲಿ 1,815, ಹೊರಗೆ 1,815. ಡಾನ್ ಮ್ಯಾಟಿಂಗ್ಲಿ 1987ರಲ್ಲಿ ಆರು ಗ್ರ್ಯಾಂಡ್ ಸ್ಲ್ಯಾಮ್ (ಮೂರೂ ಬೇಸ್ ತುಂಬಿದ್ದಾಗಿನ ಹೋಮ್ ರನ್) ಹೊಡೆದರು. ಅದಕ್ಕೆ ಮುಂಚೆ ಒಂದೂ ಇಲ್ಲ, ಆಮೇಲೆ ನಿವೃತ್ತಿಯವರೆಗೂ ಒಂದೂ ಇಲ್ಲ. ಕ್ರಿಸ್ ಡೇವಿಸ್ 2015ರಿಂದ 2018ರವರೆಗೆ ನಾಲ್ಕು ವರ್ಷ ಸತತವಾಗಿ .247 ಸರಾಸರಿಯಲ್ಲೇ ಮುಗಿಸಿದರು. 1940ರ ಸೀಸನ್‌ನ ಮೊದಲ ದಿನವೇ ಬಾಬ್ ಫೆಲರ್ ನೋ-ಹಿಟರ್ (ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯ) ಎಸೆದರು. ಎದುರಾಳಿ ವೈಟ್ ಸಾಕ್ಸ್‌ನವರೆಲ್ಲ .000 ಸರಾಸರಿಯಲ್ಲಿ ಮೈದಾನಕ್ಕೆ ಬಂದು .000 ಸರಾಸರಿಯಲ್ಲೇ ಮನೆಗೆ ಹೋದರು. ಜೋಯಲ್ ಯಂಗ್‌ಬ್ಲಡ್ 1982ರ ಆಗಸ್ಟ್ 4ರ ಮಧ್ಯಾಹ್ನ ಶಿಕಾಗೋದಲ್ಲಿ ಮೆಟ್ಸ್ ಪರ ಹಿಟ್ ಹೊಡೆದರು. ಪಂದ್ಯದ ನಡುವೆಯೇ ಅವರನ್ನು ಎಕ್ಸ್‌ಪೋಸ್ ತಂಡಕ್ಕೆ ಟ್ರೇಡ್ ಮಾಡಲಾಯಿತು. ವಿಮಾನ ಹತ್ತಿ ಫಿಲಡೆಲ್ಫಿಯಾಗೆ ಹೋಗಿ ಅದೇ ರಾತ್ರಿ ಹೊಸ ತಂಡಕ್ಕೂ ಒಂದು ಹಿಟ್ ಹೊಡೆದರು. ಪಿಚರ್‌ಗಳು ಫರ್ಗೂಸನ್ ಜೆಂಕಿನ್ಸ್ ಮತ್ತು ಸ್ಟೀವ್ ಕಾರ್ಲ್‌ಟನ್. ಇಬ್ಬರೂ ಈಗ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ.

ಇಷ್ಟೆಲ್ಲ ಹೇಳಿ, ನನ್ನ ತೀರ್ಮಾನವನ್ನೂ ಹೇಳಿಬಿಡುತ್ತೇನೆ. ಹಿಟ್ಟಿಂಗ್ ಸ್ಟ್ರೀಕ್‌ಗೆ ಗೊತ್ತಿರುವುದು ಸೊನ್ನೆ ಅಥವಾ ಸೊನ್ನೆ ಅಲ್ಲ, ಎರಡೇ. ವಾಕ್ ಅದರ ಕಣ್ಣಿಗೆ ಬೀಳುವುದಿಲ್ಲ. ಹಿಟ್, ವಾಕ್ ಅಥವಾ ಮೈಗೆ ಚೆಂಡು ತಗಲಿ, ಹೇಗಾದರೂ ಬೇಸ್ ಸೇರಿದ್ದನ್ನು ಲೆಕ್ಕ ಹಿಡಿದರೆ 1941ರಲ್ಲಿ ಡಿಮಾಜಿಯೊ ಅವರದು ಸತತ 74 ಪಂದ್ಯ. 1949ರಲ್ಲಿ ವಿಲಿಯಮ್ಸ್ ಅವರದು 84. ಗೆರೆ ಪುಸ್ತಕದಲ್ಲಿ ಮುಂದೆ ಬರೆಯಲು ಹೊರಟಿರುವುದು ಆ 84ನ್ನೇ. ನನ್ನ ಮಟ್ಟಿಗೆ 56ಕ್ಕಿಂತ ದೊಡ್ಡ ಸಾಧನೆ ಅದು.