ಕಿಟೆಲ್ ಅವರ ಕೋಶದಲ್ಲಿ ನಮ್ಮ ಜಿಲ್ಲೆ

ಚಿಕ್ಕಮಗಳೂರು
18 ಡಿಸೆಂಬರ್ 2024, ಬುಧವಾರ

ಕನ್ನಡ–ಇಂಗ್ಲಿಷ್ ನಿಘಂಟು ಮಾಡಿದ ಜರ್ಮನ್ ಪಾದ್ರಿ ಫರ್ಡಿನಂಡ್ ಕಿಟೆಲ್ ತೀರಿಕೊಂಡದ್ದು 1903ರಲ್ಲಿ, ಇದೇ ದಿನ, ಜರ್ಮನಿಯ ಟ್ಯೂಬಿಂಗೆನ್ ಊರಿನಲ್ಲಿ. ಬೆಳಗ್ಗೆ ದ್ವಿತೀಯ ಪಿಯುಸಿ ತರಗತಿಯಲ್ಲಿ ಇದನ್ನು ಹೇಳಿದ್ದೇ ತಡ, ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: “ಮೇಡಂ, ಅವರಿಗೂ ನಮ್ಮ ಚಿಕ್ಕಮಗಳೂರಿಗೂ ಏನು ಸಂಬಂಧ?” ಕಾಫಿ ಕೊಯ್ಲಿನ ಕಾಲ. ಅರ್ಧ ತರಗತಿ ತೋಟದಲ್ಲಿರುತ್ತದೆ, ಬಂದವರ ಕಣ್ಣಲ್ಲಿ ನಿದ್ದೆ ಇರುತ್ತದೆ. ಅಂಥದ್ದರಲ್ಲೂ ಒಬ್ಬ ಎಚ್ಚರವಾಗಿದ್ದಾನಲ್ಲ ಎಂದು ಖುಷಿಯಾಯಿತು. ಗಂಟೆ ಹೊಡೆಯುವುದರೊಳಗೆ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಅವನಿಗೆ ಹಂಚಿನ ವಿಷಯ ಹೇಳಿದೆ. ಮಲೆನಾಡಿನ ಹಳೆಯ ಮನೆಯ ಮಾಡಿನಿಂದ ಒಂದು ಹಂಚು ಇಳಿಸಿ, ಪಾಚಿ ಉಜ್ಜಿ ನೋಡಿದರೆ, ಅದೃಷ್ಟವಿದ್ದರೆ ಬಾಸೆಲ್ ಮಿಷನ್ ಎಂಬ ಅಚ್ಚು ಕಾಣುತ್ತದೆ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದವರು ಸ್ವಿಟ್ಜರ್ಲೆಂಡಿನ ಈ ಕ್ರೈಸ್ತ ಮಿಷನರಿ ಸಂಸ್ಥೆಯವರು. ನಮ್ಮ ಕೊಟ್ಟಿಗೆಗೆ ಹಂಚು ಹೊದಿಸಿದ ಆ ಮಿಷನ್ನೇ ಕಿಟೆಲ್ ಅವರನ್ನೂ ಇಲ್ಲಿಗೆ ಕಳುಹಿಸಿದ್ದು. ತರಗತಿ ನಕ್ಕಿತು. ನಕ್ಕ ಮೇಲೆ ಮಕ್ಕಳು ಸ್ವಲ್ಪ ಹೊತ್ತಾದರೂ ಕೇಳುತ್ತಾರೆ.

ಕಿಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ಕರಾವಳಿಯ ರೆಸ್ಟರ್‌ಹಾಫೆ ಎಂಬಲ್ಲಿ. ತಂದೆ ಪಾದ್ರಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮಿಷನರಿ ಶಿಕ್ಷಣ ಮುಗಿಸಿ 1853ರಲ್ಲಿ ಭಾರತಕ್ಕೆ ಬಂದಾಗ ವಯಸ್ಸು ಇಪ್ಪತ್ತೊಂದು. ಧಾರವಾಡ, ಮಂಗಳೂರು, ಮಡಿಕೇರಿ ಎಂದು ಅವರ ಕೆಲಸದ ಊರುಗಳು ಬದಲಾಗುತ್ತ ಹೋದವು. 1864ರಲ್ಲಿ ಹೆಂಡತಿ ಪೌಲೀನ್ ತೀರಿಕೊಂಡರು. ಕೆಲವು ವರ್ಷಗಳ ಬಳಿಕ ಆಕೆಯ ಸಹೋದರಿಯನ್ನೇ ಮದುವೆಯಾದರು. ಬದುಕಿನ ಈ ಭಾಗ ಭಾಷಣಗಳಲ್ಲಿ ಚೆನ್ನಾಗಿ ಓಡುತ್ತದೆ. ನನಗೆ ಹೆಚ್ಚು ಕುತೂಹಲ ಇರುವುದು ಅವರ ಮೇಜಿನ ಮೇಲೆ ಏನಿತ್ತು ಎಂಬುದರಲ್ಲಿ.

ಅವರು ಬಂದದ್ದು ಮತಪ್ರಚಾರಕ್ಕೆ. ಇದನ್ನು ಮರೆಮಾಚುವ ಅಗತ್ಯವಿಲ್ಲ. 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲೇ ಹೊಸೆದು ‘ಕಥಾಮಾಲೆ’ ಎಂದು ಅಚ್ಚು ಹಾಕಿಸಿದರು. ಇಲ್ಲಿನ ಜನ ಕತೆಯನ್ನು ಹಾಡಿ, ಓದಿಸಿ ಕೇಳುವವರು, ಅವರಿಗೆ ಗದ್ಯದಲ್ಲಿ ಉಪದೇಶ ಮಾಡಿದರೆ ನಾಟುವುದಿಲ್ಲ ಎಂದು ಅವರಿಗೆ ಹೊಳೆದಿರಬೇಕು. ಆದರೆ ಷಟ್ಪದಿ ಬರೆಯಬೇಕಾದರೆ ಮಾತ್ರೆ, ಗಣ, ಪ್ರಾಸ ಕಲಿಯಬೇಕಲ್ಲ? ಹಾಗೆ ಕಲಿಯಲು ಹೊರಟವರು ಹತ್ತನೆಯ ಶತಮಾನದ ನಾಗವರ್ಮನವರೆಗೆ ಹೋದರು. ಅವನ ‘ಛಂದೋಂಬುಧಿ’ಯನ್ನು ಸಂಪಾದಿಸಿ 1875ರಲ್ಲಿ ಹೊರತಂದರು, ಜೊತೆಗೆ ಕನ್ನಡ ಸಾಹಿತ್ಯದ ಚರಿತ್ರೆಯ ಬಗ್ಗೆ ದೊಡ್ಡ ಪೀಠಿಕೆಯನ್ನೂ ಬರೆದರು. ಅದಕ್ಕೆ ಮೂರು ವರ್ಷ ಮೊದಲು, 1872ರಲ್ಲಿ, ಕೇಶಿರಾಜನ ಹಳಗನ್ನಡ ವ್ಯಾಕರಣ ‘ಶಬ್ದಮಣಿದರ್ಪಣ’ ಅವರ ಸಂಪಾದನೆಯಲ್ಲಿ ಬಂದಿತ್ತು. ಎಷ್ಟು ಜನ ದೀಕ್ಷೆ ತೆಗೆದುಕೊಂಡರು ಎಂಬ ಲೆಕ್ಕ ಕೇಳುವ ಸಂಸ್ಥೆಗೆ ಮಾತ್ರೆ ಎಣಿಸುತ್ತ ಕೂತ ಪಾದ್ರಿ ಹೇಗೆ ಕಂಡಿರಬಹುದು! ಮಿಷನ್ನಿನೊಳಗೆ ಅವರ ಸ್ಥಾನ ಕೊನೆಯವರೆಗೂ ಅಂಚಿನದ್ದೇ ಆಗಿತ್ತು.

ಇಲ್ಲಿಂದ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಶುರುವಾಗುತ್ತದೆ. ಕೇಶಿರಾಜ ತನ್ನ ಪರಿಚಯ ಹೇಳಿಕೊಳ್ಳುವಾಗ ತಾನು ಜನ್ನನ ಸೋದರಳಿಯ ಎನ್ನುತ್ತಾನೆ. ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿ ಎನಿಸಿಕೊಂಡ, ‘ಯಶೋಧರ ಚರಿತೆ’ಯ ಜನ್ನ. ಆ ಸೋದರಮಾವನ ಪದ್ಯಗಳು ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಇಂದಿಗೂ ಕಲ್ಲಿನ ಮೇಲಿವೆ. ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ದೇವಾಲಯದ ಶಾಸನ ಜನ್ನನ ರಚನೆ. ಹೋದವರೆಲ್ಲ ಹೊರಗೋಡೆಯ ರಾಮಾಯಣದ ಕಿರುಶಿಲ್ಪಗಳ ಫೋಟೊ ತೆಗೆದುಕೊಳ್ಳುತ್ತಾರೆ. ಶಾಸನದ ಕಲ್ಲಿನ ಮುಂದೆ ನಿಲ್ಲುವವರು ಕಡಿಮೆ. ಬಿಸಿಲು ಓರೆಯಾಗಿ ಬಿದ್ದಾಗ ಅಲ್ಲಿ ನಿಂತರೆ ಅಕ್ಷರದ ಸಾಲುಗಳು ಎದ್ದು ಕಾಣುತ್ತವೆ, ಒಂದರ ತಲೆಕಟ್ಟು ಮೇಲಿನದಕ್ಕೆ ತಾಗುವಷ್ಟು ಒತ್ತಾಗಿ. ನಾನು ನೋಡಿದಾಗ ಪಕ್ಕದಲ್ಲಿದ್ದ ಹುಡುಗಿ “ಇದು ತೆಲುಗಾ ಮೇಡಂ?” ಎಂದು ಕೇಳಿದ್ದಳು. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಹಳೆಯ ಲಿಪಿಯ ಒಂದು ಸಾಲನ್ನೂ ಪಠ್ಯದಲ್ಲಿ ತೋರಿಸದೆ ಇದ್ದರೆ ಅವಳಿಗೆ ಹೇಗೆ ತಿಳಿಯಬೇಕು?

ಮಾವ ಕಲ್ಲಿನಲ್ಲಿ ಬರೆಸಿದ, ಅಳಿಯ ವ್ಯಾಕರಣ ಬರೆದ. ಆ ವ್ಯಾಕರಣವನ್ನು ಆರು ಶತಮಾನ ಕಳೆದ ಮೇಲೆ ಮಂಗಳೂರಿನ ಮಿಷನ್ ಮುದ್ರಣಾಲಯ ಅಚ್ಚು ಹಾಕಿತು. ಜೈನ ವೈಯಾಕರಣ, ಕ್ರೈಸ್ತ ಸಂಪಾದಕ. ನಡುವೆ ತಾಳೆಗರಿ ಬಿಚ್ಚಿ, ಓದಿ, ಅರ್ಥ ಹೇಳಿ ಕೂತ ಪಂಡಿತರು. ಈ ಕೊನೆಯವರ ಹೆಸರನ್ನು ಯಾವ ಸಮಾರಂಭದಲ್ಲೂ ಯಾರೂ ಎತ್ತುವುದಿಲ್ಲ. ವಿದೇಶಿಯೊಬ್ಬ ಏಕಾಂಗಿಯಾಗಿ ಕನ್ನಡವನ್ನು ಉದ್ಧಾರ ಮಾಡಿದ ಎಂಬ ಧಾಟಿಯ ಭಾಷಣ ಕೇಳಿದಾಗಲೆಲ್ಲ ನನಗೆ ಸಿಡಿಮಿಡಿಯಾಗುತ್ತದೆ. ಹಳಗನ್ನಡದ ಪಾಠ ಹೇಳಿಕೊಡುವವರು ಇಲ್ಲಿ ಇದ್ದರು, ಅದಕ್ಕೇ ಕಲಿಯುವವರಿಗೆ ಕಲಿಯಲು ಆಯಿತು.

ಇನ್ನೊಂದು ಎಳೆ ಕಡೂರಿನದು. ದೇವನೂರಿನ ಲಕ್ಷ್ಮೀಶ, ‘ಜೈಮಿನಿ ಭಾರತ’ದ ಕವಿ. ನಮ್ಮ ಕಡೆ ಅಜ್ಜಂದಿರು ಕಂಠಪಾಠ ಒಪ್ಪಿಸುತ್ತಿದ್ದ ಆ ವಾರ್ಧಕ ಷಟ್ಪದಿಗೆ ಮಿಷನರಿಗಳೂ ಮನಸೋತಿದ್ದರು. ಕಿಟೆಲ್ ಅವರಿಗಿಂತ ಹಿರಿಯರಾದ ಹರ್ಮನ್ ಮೋಗ್ಲಿಂಗ್, ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದವರು, ತಮ್ಮ ಕಾವ್ಯಮಾಲಿಕೆಯಲ್ಲಿ ಅದನ್ನು ಸೇರಿಸಿಕೊಂಡರು. ಬೆಂಗಳೂರಿನ ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ 1852ರಲ್ಲಿ ಇಂಗ್ಲಿಷ್ ಅನುವಾದ, ಟಿಪ್ಪಣಿಗಳ ಸಮೇತ ಪ್ರಕಟಿಸಿದರು. ಹೊಸದಾಗಿ ಹಡಗಿಳಿದ ಪಾದ್ರಿ ಕನ್ನಡ ಕಲಿಯಬೇಕಾದರೆ ದೇವಪುರದ, ಅಂದರೆ ನಮ್ಮ ದೇವನೂರಿನ, ಲಕ್ಷ್ಮೀರಮಣನ ಸ್ತುತಿಯನ್ನು ದಾಟಿಯೇ ಹೋಗಬೇಕಿತ್ತು! ಈ ಮಾತಿಗೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು, ಇತಿಹಾಸದ ಮೇಷ್ಟ್ರು ಮಾತ್ರ ಗಂಭೀರವಾಗಿ ತಲೆಯಾಡಿಸಿದರು.

ಈ ಎಲ್ಲ ಓದು ಬಂದು ಸೇರಿದ್ದು 1894ರ ಕನ್ನಡ–ಇಂಗ್ಲಿಷ್ ನಿಘಂಟಿಗೆ. ಸುಮಾರು 70,000 ಪದ, 1,752 ಪುಟ. ಮುನ್ನುಡಿಗೆ ರುಜು ಬಿದ್ದದ್ದು ಟ್ಯೂಬಿಂಗೆನ್‌ನಲ್ಲಿ, ಪುಸ್ತಕ ಅಚ್ಚಾದದ್ದು ಮಂಗಳೂರಿನಲ್ಲಿ. ನಮ್ಮ ಮನೆಯಲ್ಲಿರುವುದು ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದರಾಸು ವಿಶ್ವವಿದ್ಯಾಲಯ ಹೊರತಂದ ನಾಲ್ಕು ಸಂಪುಟಗಳು, ಮಾವನ ಸಂಗ್ರಹ. ಎರಡನೆಯ ಸಂಪುಟದ ಬೆನ್ನು ಕಿತ್ತಿದೆ, ಮಳೆಗಾಲದ ಬೂಷ್ಟಿನ ಕಲೆ ಅಂಚಿನಲ್ಲಿ ಹಾಗೇ ಉಳಿದಿದೆ. ಯಾವುದೇ ಪುಟ ತೆಗೆದರೂ ಅದೇ ಶಿಸ್ತು: ಪದ, ಅದರ ಅರ್ಥಗಳು, ಆ ಅರ್ಥ ಯಾವ ಕಾವ್ಯದಲ್ಲಿ ಅಥವಾ ಯಾವ ಕೋಶದಲ್ಲಿ ಸಿಕ್ಕಿತು ಎಂಬುದರ ಸಂಕೇತ, ಗಾದೆ ಇದ್ದರೆ ಗಾದೆ, ತಮಿಳು, ತೆಲುಗು, ಮಲಯಾಳ, ತುಳುವಿನ ನೆಂಟರು. ಮೈಸೂರು ಸೀಮೆಯ ಬಳಕೆಯಾದರೆ ಅದಕ್ಕೂ ಒಂದು ಗುರುತು. ಸಾಕ್ಷಿ ತೋರಿಸದೆ ಅರ್ಥ ಹೇಳಬಾರದು ಎಂಬ ಈ ಹಟ ನನಗೆ ತುಂಬ ಇಷ್ಟ. ಮೇಷ್ಟ್ರ ಕಸುಬಿನ ಅರ್ಧ ಅದರಲ್ಲಿದೆ.

ಸಂಜೆ ಮಾವ ಕಣದಿಂದ ಬಂದು ಕೈಕಾಲು ತೊಳೆದು ಕೂತವರು ನಾನು ಬರೆಯುತ್ತಿದ್ದುದನ್ನು ಇಣುಕಿ ನೋಡಿದರು.

“ಪಾದ್ರಿಯನ್ನು ಇಷ್ಟು ಹೊಗಳಬೇಕೇನಮ್ಮಾ? ನಮ್ಮ ಪೂಜೆ ಪುನಸ್ಕಾರದ ಬಗ್ಗೆ ಅವರು ಬರೆದದ್ದನ್ನೂ ಮಕ್ಕಳಿಗೆ ಹೇಳುತ್ತೀಯೋ ಇಲ್ಲವೋ?”

“ಹೇಳುತ್ತೇನೆ ಮಾವ. ಲಿಂಗಪೂಜೆಯ ಮೂಲದ ಬಗ್ಗೆ 1876ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದದ್ದನ್ನೂ ಹೇಳುತ್ತೇನೆ.”

“ಹಾಗಾದರೆ ಸರಿ. ಆದರೆ ಒಂದು ಮಾತು, ನಮ್ಮವರು ಯಾಕೆ ಅಷ್ಟು ಹೊತ್ತು ಸುಮ್ಮನಿದ್ದರು?”

ಈ ಪ್ರಶ್ನೆಗೆ ಅವರೂ ಉತ್ತರ ನಿರೀಕ್ಷಿಸಲಿಲ್ಲ, ಕಾಫಿ ಲೋಟ ಎತ್ತಿಕೊಂಡು ನಾಳಿನ ಆಳುಗಳ ವಿಷಯಕ್ಕೆ ಹೊರಳಿದರು. ಆದರೆ ಪ್ರಶ್ನೆಯೇ ಸ್ವಲ್ಪ ಅನ್ಯಾಯದ್ದು ಎನ್ನುವುದು ನನ್ನ ಅಭಿಪ್ರಾಯ. ನಮ್ಮವರು ಸುಮ್ಮನಿರಲಿಲ್ಲ, ಪ್ರತಿ ಮಾಡಿದರು, ಗಮಕ ವಾಚನ ಮಾಡಿದರು, ಮಠ ಬಸದಿಗಳಲ್ಲಿ ಓಲೆಗರಿ ಕಾಪಾಡಿದರು. ಅವರ ಕೈಯಲ್ಲಿ ಮುದ್ರಣಾಲಯ ಇರಲಿಲ್ಲ. ಮಿಷನ್ನಿಗೆ ಅದಿತ್ತು, ಹಣವೂ ಇತ್ತು, ಬೈಬಲ್ಲಿನ ಕನ್ನಡವನ್ನು ತಿದ್ದಬೇಕಾದ ತುರ್ತೂ ಇತ್ತು.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಕಿಟೆಲ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅಲ್ಲಿಗೆ ಅವರು ನಿಲ್ಲಿಸಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ಹಿಡಿದು ಬರೆದ ವ್ಯಾಕರಣ 1903ರಲ್ಲಿ, ಅವರು ತೀರಿಕೊಂಡ ವರ್ಷವೇ, ಮಂಗಳೂರಿನಿಂದ ಹೊರಬಂತು. ಅದಕ್ಕೂ ಆಧಾರ ಕೇಶಿರಾಜನೇ.

ಕೊಯ್ಲು ಮುಗಿದ ಮೇಲೆ ತರಗತಿಯನ್ನು ಅಮೃತಾಪುರಕ್ಕೆ ಕರೆದೊಯ್ಯುವ ಯೋಚನೆಯಿದೆ. ಪ್ರಾಂಶುಪಾಲರು ಒಪ್ಪಬೇಕು, ಬಸ್ಸಿನ ಬಾಡಿಗೆ ಹೊಂದಿಸಬೇಕು. ಪ್ರಶ್ನೆ ಕೇಳಿದ ಹುಡುಗನಿಗೆ ಈಗಲೇ ಒಂದು ಕೆಲಸ ಹಚ್ಚಿದ್ದೇನೆ: ಗ್ರಂಥಾಲಯದ ಕಿಟೆಲ್ ಕೋಶದಲ್ಲಿ ಜೈಮಿನಿಯ ಸಂಕೇತವಿರುವ ಹತ್ತು ಪದಗಳನ್ನು ಹುಡುಕಿ, ಅವು ಇಂದಿಗೂ ಅವನ ಅಜ್ಜಿಯ ಬಾಯಲ್ಲಿ ಇವೆಯೇ ಎಂದು ಕೇಳಿಕೊಂಡು ಬರಬೇಕು. “ಅಜ್ಜಿಗೆ ಕಿವಿ ಕೇಳಿಸುವುದಿಲ್ಲ ಮೇಡಂ” ಎಂದ. ಜೋರಾಗಿ ಕೇಳು ಎಂದೆ.