ಕಾಲಿಗೆ ಬಾರದ ತಾಳ

ಮೃದಂಗದಲ್ಲಿ ಕಾಲಿಗೆ ಒಂದೇ ಕೆಲಸ. ವಾದ್ಯಕ್ಕೆ ಆಸರೆ ಕೊಟ್ಟು ಸುಮ್ಮನಿರುವುದು. ಮೈಸೂರಿನಲ್ಲಿ ಒಂಬತ್ತು ವರ್ಷ ಕಲಿತಿದ್ದೆ, ರಾಮನವಮಿ ಚಪ್ಪರದಲ್ಲಿ, ಮದುವೆ ಮನೆಗಳಲ್ಲಿ ನುಡಿಸಿದ್ದೆ. ಒಂದು ದಿನವೂ ಕಾಲಿನ ಬಗ್ಗೆ ಯೋಚಿಸಿದವನಲ್ಲ. ಕಚೇರಿ ಮುಗಿದು ಏಳುವಾಗ ಜೋಮು ಹಿಡಿದರೆ ಮಾತ್ರ ಅದರ ನೆನಪು.

ಈ ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ, ನ್ಯೂಜೆರ್ಸಿಯಲ್ಲಿ ಮಗಳ ಮನೆಯ ಬೇಸ್‌ಮೆಂಟಿನಲ್ಲಿ, ಹದಿನಾಲ್ಕು ವರ್ಷದ ಮೊಮ್ಮಗ ನನ್ನನ್ನು ಅವನ ಡ್ರಮ್ಸ್ ಮುಂದೆ ಕೂರಿಸಿದ. ಅವನು ಶಾಲೆಯ ಜಾಝ್ ಬ್ಯಾಂಡಿನಲ್ಲಿ ಡ್ರಮ್ಮರ್. ಬಲಗೈ ದೊಡ್ಡ ಸಿಂಬಲ್ ಅನ್ನುವ ಲೋಹದ ತಟ್ಟೆಯ ಮೇಲೆ, ಎಡಗೈ ಸ್ನೇರ್ ಅನ್ನುವ ಚಿಕ್ಕ ಡ್ರಮ್ಮಿನ ಮೇಲೆ, ಬಲಗಾಲು ದೊಡ್ಡ ಬೇಸ್ ಡ್ರಮ್ಮಿನ ಪೆಡಲ್ ಮೇಲೆ, ಎಡಗಾಲು ಹೈ-ಹ್ಯಾಟ್, ಅಂದರೆ ಕಾಲಿನಿಂದ ಕೂಡಿಸುವ ಜೋಡಿ ತಟ್ಟೆಗಳ ಪೆಡಲ್ ಮೇಲೆ. ಕೈಗಳು ಹೇಗೋ ನಡೆದವು. ಕಾಲುಗಳು ಮಾತ್ರ ಎತ್ತು ಏರಿಗೆ, ಕೋಣ ನೀರಿಗೆ.

'ತಾತ, ಎಡಗಾಲು ಎರಡಕ್ಕೆ ಮತ್ತು ನಾಲ್ಕಕ್ಕೆ. ನೀವು ಒಂದಕ್ಕೆ ಹಾಕ್ತಿದ್ದೀರ.'

ಒಂದಕ್ಕೆ ಹಾಕದೆ ಇನ್ನೆಲ್ಲಿ ಹಾಕಲಿ? ನಮಗೆ ಏಟು ಬೀಳುವುದೇ ಸಮದಲ್ಲಿ, ತಾಳ ಶುರುವಾಗುವ ಜಾಗದಲ್ಲಿ. ಹಿಂದಿನ ವಾರ ಅವನ ಶಾಲೆಯ ಕಾರ್ಯಕ್ರಮದಲ್ಲೂ ಇದೇ ಆಗಿತ್ತು. ನಾನು ತೊಡೆಯ ಮೇಲೆ ತಾಳ ಹಾಕುತ್ತಾ ಕೂತಿದ್ದೆ. ಸುತ್ತಲಿನವರು ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಕೈ ಕೆಳಗೆ ಬಿದ್ದಾಗ ಅವರ ಕೈ ಮೇಲೆ, ಅವರದು ಕೂಡಿದಾಗ ನನ್ನದು ಮೇಲೆ. ಹೆಂಡತಿ ಒಂದು ಸಲ ತಿರುಗಿ ನೋಡಿ, ಆಮೇಲೆ ನೋಡದೇ ಇರುವುದೇ ವಾಸಿ ಅಂದುಕೊಂಡಳು.

ಈ ಹುಚ್ಚು ನನಗೆ ಮೊಮ್ಮಗನಿಂದ ಬಂದದ್ದಲ್ಲ. 1984ರಲ್ಲಿ ಬ್ಯಾಂಕಿನವರು ನನ್ನನ್ನು ಬಾಂಬೆಗೆ ವರ್ಗ ಮಾಡಿದ್ದರು. ಅಲ್ಲಿ ಪಕ್ಕದ ಕೌಂಟರಿನಲ್ಲಿದ್ದ ಗೋವಾದ ಗೆಳೆಯ ಒಂದು ಕ್ಯಾಸೆಟ್ ಕೊಟ್ಟ. 1938ರ ಜನವರಿ 16ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ವಾದ್ಯವೃಂದ ಕೊಟ್ಟ ಕಛೇರಿ. ಮುದ್ರಣ ಹಳೆಯದು, ಜೊತೆಗೆ ಕ್ಯಾಸೆಟ್ಟೂ ಸವೆದಿತ್ತು, ಕರಕರ ಅನ್ನುತ್ತಿತ್ತು. ಕೊನೆಯ ಕಡೆಗೆ 'ಸಿಂಗ್, ಸಿಂಗ್, ಸಿಂಗ್' ಬಂತು. ಹನ್ನೆರಡು ನಿಮಿಷ. ಡ್ರಮ್ಮರ್ ಜೀನ್ ಕ್ರೂಪಾ ಟಾಮ್-ಟಾಮ್ ಡ್ರಮ್ಮಿನ ಮೇಲೆ ಬಾರಿಸುತ್ತಲೇ ಇದ್ದಾನೆ. ಜಾತ್ರೆಯಲ್ಲಿ ತೇರು ಎಳೆಯುವಾಗಿನ ಡೋಲಿನ ಹಾಗೆ ಅದು ನಿಲ್ಲುವುದೇ ಇಲ್ಲ. ತುತ್ತೂರಿಗಳು ಬಂದು ಹೋಗುತ್ತವೆ, ಕ್ಲಾರಿನೆಟ್ ಬಂದು ಹೋಗುತ್ತದೆ, ಈ ಮನುಷ್ಯ ಮಾತ್ರ ಅಲ್ಲೇ. ನನಗೆ ಅದು ಸಾಕ್ಷಾತ್ ತನಿ ಆವರ್ತನ, ಕಛೇರಿಯಲ್ಲಿ ಮೃದಂಗದವನಿಗೇ ಬಿಟ್ಟುಕೊಡುವ ಭಾಗ. ಆ ಕ್ಯಾಸೆಟ್ಟನ್ನು ನಾನು ವಾಪಸ್ ಕೊಟ್ಟ ನೆನಪಿಲ್ಲ.

ಕ್ರೂಪಾ ಶಿಕಾಗೋದವನು. ಕೂದಲು ಮುಖದ ಮೇಲೆ ಹಾರುತ್ತಿರುತ್ತದೆ, ಬಾಯಲ್ಲಿ ಚ್ಯೂಯಿಂಗ್ ಗಮ್, ಸಿನಿಮಾ ನಟನ ಚಂದ. ಹಿಂದೆ ಕೂತು ಬಾರಿಸುತ್ತಿದ್ದ ಡ್ರಮ್ಮರನ್ನು ಜನ ಮೊದಲ ಸಲ ತಾರೆಯ ಹಾಗೆ ನೋಡಿದ್ದು ಇವನನ್ನೇ. ಆ ಕಛೇರಿಯಾದ ಕೆಲವೇ ವಾರಗಳಲ್ಲಿ ಗುಡ್‌ಮನ್ ಬಿಟ್ಟು ತನ್ನದೇ ಬ್ಯಾಂಡ್ ಕಟ್ಟಿದ. ಆಗಿನ ಡ್ರಮ್ಮುಗಳಿಗೆ ಕರುವಿನ ಚರ್ಮ. ತೇವವಾದರೆ ಸಡಿಲ, ಬಿಸಿಯಾದರೆ ಬಿಗಿ. ಮಳೆಗಾಲದಲ್ಲಿ ಮೃದಂಗಕ್ಕೆ ಶ್ರುತಿ ಮಾಡಿ ಸಾಕಾಗಿ ಹೋದವರಿಗೆ ಇದು ಬೇರೆ ಹೇಳಬೇಕಾಗಿಲ್ಲ. ಪ್ಲಾಸ್ಟಿಕ್ ಹೊದಿಕೆ ಬಂದದ್ದು 1950ರ ದಶಕದ ಕೊನೆಗೆ.

ಆದರೆ ಕ್ರೂಪಾನನ್ನೇ ಸೋಲಿಸಿದವನೊಬ್ಬ ಇದ್ದ. ಆ ಶನಿವಾರ ಮಧ್ಯಾಹ್ನ ನಾನೂ ಮೊಮ್ಮಗನೂ ಹೋದದ್ದು ಅವನ ಜಾಗ ನೋಡುವುದಕ್ಕೆ.

ಮ್ಯಾನ್‌ಹಟನ್‌ಗೆ ಬಂದು, ಮೂರನೇ ನಂಬರಿನ ಸಬ್‌ವೇ ಹಿಡಿದು ಹಾರ್ಲೆಮ್‌ನ 145ನೇ ಬೀದಿಯಲ್ಲಿ ಇಳಿದೆವು. ಲೆನಾಕ್ಸ್ ಅವೆನ್ಯೂದಲ್ಲಿ ನಾಲ್ಕು ಬೀದಿ ಕೆಳಗೆ ನಡೆದರೆ ಸವಾಯ್ ಬಾಲ್‌ರೂಮ್ ಇದ್ದ ಜಾಗ. 140 ಮತ್ತು 141ನೇ ಬೀದಿಗಳ ನಡುವೆ. 1926ರಲ್ಲಿ ತೆರೆದ ನೃತ್ಯಶಾಲೆ. ಕರಿಯರು, ಬಿಳಿಯರು ಒಂದೇ ನೆಲದ ಮೇಲೆ ಕುಣಿಯಬಹುದಾಗಿದ್ದ, ಆ ಕಾಲಕ್ಕೆ ಅಪರೂಪದ ಜಾಗ. ಒಳಗೆ ಎರಡು ವೇದಿಕೆ. ಒಂದು ಬ್ಯಾಂಡ್ ನಿಲ್ಲಿಸಿದ ಕೂಡಲೇ ಇನ್ನೊಂದು ಶುರು ಮಾಡುತ್ತಿತ್ತು, ಕುಣಿಯುವವರಿಗೆ ಬಿಡುವೇ ಇಲ್ಲ. ಎರಡು ವೇದಿಕೆ ಇದ್ದ ಮೇಲೆ ಪಂದ್ಯ ಇಲ್ಲದೆ ಇರುತ್ತದೆಯೇ?

ಅಲ್ಲಿಯ ದೊರೆ ಡ್ರಮ್ಮರ್ ಚಿಕ್ ವೆಬ್. ಬಾಲ್ಟಿಮೋರಿನಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲೇ ಬೆನ್ನುಮೂಳೆಗೆ ಕ್ಷಯ ತಗುಲಿ ಬೆನ್ನು ಗೂನಾಯಿತು. ಎತ್ತರ ನಾಲ್ಕಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಪೇಪರ್ ಮಾರಿ ದುಡ್ಡು ಕೂಡಿಸಿ ಡ್ರಮ್ಸ್ ಕೊಂಡ ಹುಡುಗ. ಅವನ ಬೇಸ್ ಡ್ರಮ್ ಎಷ್ಟು ದೊಡ್ಡದೆಂದರೆ, ಫೋಟೋದಲ್ಲಿ ಅದರ ಹಿಂದೆ ಬರೀ ನಗುವ ತಲೆ ಕಾಣುತ್ತದೆ. ಎತ್ತರದ ಆಸನ, ಅವನ ಕಾಲಿಗೆ ತಕ್ಕ ಹಾಗೆ ಮಾಡಿಸಿದ ಪೆಡಲ್. ಮುಂದೆ ಹೆಸರಾಂತ ಗಾಯಕಿಯಾದ, ಆಗಿನ್ನೂ ಹದಿಹರೆಯದ ಎಲಾ ಫಿಟ್ಜೆರಾಲ್ಡ್‌ಳನ್ನು ಹಾಡಲು ಸೇರಿಸಿಕೊಂಡದ್ದೂ ಇವನ ಬ್ಯಾಂಡೇ.

1937ರ ಮೇ 11ರಂದು ಗುಡ್‌ಮನ್ ಬ್ಯಾಂಡ್ ಸವಾಯ್‌ಗೆ ಬಂತು. ದೇಶದಲ್ಲೆಲ್ಲ ಹೆಸರು ಮಾಡಿದ ಬ್ಯಾಂಡ್, ಡ್ರಮ್ಸ್ ಹಿಂದೆ ಕ್ರೂಪಾ. ಒಳಗೆ ಸುಮಾರು ನಾಲ್ಕು ಸಾವಿರ ಜನ, ಒಳಗೆ ಹೋಗಲಾರದೆ ಬೀದಿಯಲ್ಲಿ ನಿಂತವರು ಇನ್ನೂ ಸಾವಿರಾರು. ಬಂದ ಬ್ಯಾಂಡಿನದೇ ಹಾಡುಗಳನ್ನು ತೆಗೆದುಕೊಂಡು ವೆಬ್ ಅವರಿಗಿಂತ ಚೆನ್ನಾಗಿ ನುಡಿಸಿ ತೋರಿಸಿದ. ಕೊನೆಗೆ ಕ್ರೂಪಾ ಅವನಿಗೆ ತಲೆ ಬಾಗಿಸಿದ. ಇವನಿಗಿಂತ ಮಿಗಿಲಾದವನ ಕೈಲಿ ತಾನು ಸೋತಿಲ್ಲ ಎಂದು ಆಮೇಲೆ ಹೇಳಿಕೊಂಡ. ಆ ರಾತ್ರಿಯ ಧ್ವನಿಮುದ್ರಣ ಇಲ್ಲ. ಅದೊಂದು ಹೊಟ್ಟೆಯುರಿ ನನಗೆ. ಅದೇ ವರ್ಷ ವೆಬ್ ಮುದ್ರಿಸಿದ 'ಹಾರ್ಲೆಮ್ ಕಾಂಗೋ' ಇದೆ, ಕೇಳಿ. ಸುಮಾರು ಮೂರು ನಿಮಿಷದ ಗ್ರಾಮಫೋನ್ ತಟ್ಟೆ. ಅದರಲ್ಲಿ ಕೆಲವೇ ಸೆಕೆಂಡು ಅವನೊಬ್ಬನೇ. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ.

ಎರಡು ವರ್ಷಕ್ಕೆ, 1939ರ ಜೂನ್‌ನಲ್ಲಿ, ವೆಬ್ ತೀರಿಕೊಂಡ. ಸವಾಯ್ 1958ರಲ್ಲಿ ಮುಚ್ಚಿತು, ಆಮೇಲೆ ಕಟ್ಟಡವನ್ನು ಕೆಡವಿದರು. ಈಗ ಅಲ್ಲಿ ಸಾಲು ಸಾಲು ಅಪಾರ್ಟ್‌ಮೆಂಟು. ಒಂದು ಫಲಕ ಇದೆ. ಯಾರೋ ಅಜ್ಜಿ ತರಕಾರಿ ಚೀಲ ಎಳೆದುಕೊಂಡು ಹೋದರು, ಒಬ್ಬ ನಾಯಿ ಹಿಡಿದು ನಿಂತಿದ್ದ. ನೋಡುವುದಕ್ಕೆ ಏನೂ ಇಲ್ಲ, ನಿಜ ಹೇಳಬೇಕೆಂದರೆ.

'ಕ್ರೂಪಾ ಎಲ್ಲಿ ಬಗ್ಗಿದ್ದು, ತಾತ?' ಅಂದ ಮೊಮ್ಮಗ.

'ಇಲ್ಲೇ ಎಲ್ಲೋ. ಆದರೆ ಅದು ಎರಡನೇ ಮಹಡಿ,' ಅಂದೆ. ಇಬ್ಬರೂ ತಲೆ ಎತ್ತಿ ಗಾಳಿ ನೋಡಿದೆವು.

ಅಲ್ಲೇ ಒಂದು ಬೆಂಚಿನ ಮೇಲೆ ಕೂತು, ಮಗಳು ಕಟ್ಟಿಕೊಟ್ಟ ಚಪಾತಿ ರೋಲ್ ತಿನ್ನುತ್ತಾ ಜಗಳ ಆಡಿದೆವು. ಅವನ ದೇವರು ಬಡ್ಡಿ ರಿಚ್. ಕೈ ಕಣ್ಣಿಗೆ ಕಾಣದ ವೇಗ. ಅಂಬೆಗಾಲು ಬಿಟ್ಟ ವಯಸ್ಸಿಗೇ ಅಪ್ಪ ಅಮ್ಮನ ಜೊತೆ ವೇದಿಕೆ ಹತ್ತಿದವನು, ಕೊನೆಯವರೆಗೂ ಸ್ವರಲಿಪಿ ಓದಲು ಕಲಿಯಲೇ ಇಲ್ಲ. ಒಂದು ಸಲ ಕೇಳಿದರೆ ಸಾಕಿತ್ತು. ಉಸ್ತಾದ್ ಅಲ್ಲಾ ರಖಾ ಅವರ ತಬಲದ ಜೊತೆ 1968ರಲ್ಲಿ ಒಂದು ರೆಕಾರ್ಡ್ ಮಾಡಿದ್ದಾನೆ. ಬಹಳ ಆಸೆಯಿಂದ ಕೇಳಿದೆ. ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟಿದ್ದೇ ಜಾಸ್ತಿ ಆಯಿತು ಅನಿಸಿತು. ಡ್ಯೂಕ್ ಎಲಿಂಗ್‌ಟನ್‌ನ ಡ್ರಮ್ಮರ್ ಸನ್ನಿ ಗ್ರೀರ್ ಕಂಡರೆ ಮೊಮ್ಮಗನಿಗೆ ನಗು. ಸುತ್ತಲೂ ಗಂಟೆ, ಜಾಗಟೆ, ಟಿಂಪನಿ ಎಲ್ಲ ಜೋಡಿಸಿಕೊಂಡು ಕೂರುತ್ತಿದ್ದ, ನಮ್ಮ ದಸರಾ ಗೊಂಬೆ ಮೆಟ್ಟಿಲಿನ ಹಾಗೆ. ಆದರೆ ಎಲಿಂಗ್‌ಟನ್ ಜೊತೆ ಕಾಲು ಶತಮಾನ ಇದ್ದ. ಸುಮ್ನೆ ಯಾರೂ ಇಟ್ಟುಕೊಳ್ಳುವುದಿಲ್ಲ, ಅಲ್ವಾ?

ನಾನು ಈಗ ಜೋ ಜೋನ್ಸ್ ಕಡೆ. ಕೌಂಟ್ ಬೇಸಿ ಬ್ಯಾಂಡಿನ ಡ್ರಮ್ಮರ್. ಹಳಬರು ತಾಳವನ್ನು ಬೇಸ್ ಡ್ರಮ್ಮಿನಲ್ಲಿ ದಬ್ ದಬ್ ಎಂದು ಹೊಡೆದು ನಿಲ್ಲಿಸುತ್ತಿದ್ದರು. ಜೋನ್ಸ್ ಅದನ್ನು ಎತ್ತಿ ಹೈ-ಹ್ಯಾಟಿನ ಎರಡು ತಟ್ಟೆಗಳ ನಡುವೆ ಇಟ್ಟ. ಇಡೀ ಬ್ಯಾಂಡ್ ನೆಲ ಬಿಟ್ಟು ಎದ್ದ ಹಾಗೆ ಆಯಿತು. ಗಿಟಾರಿನ ಫ್ರೆಡಿ ಗ್ರೀನ್, ಡಬಲ್ ಬೇಸ್ ಅನ್ನುವ ದೊಡ್ಡ ತಂತಿವಾದ್ಯ ನುಡಿಸುವ ವಾಲ್ಟರ್ ಪೇಜ್, ಪಿಯಾನೋದಲ್ಲಿ ಬೇಸಿ, ಇವನು. ನಾಲ್ವರಲ್ಲಿ ಯಾರು ತಾಳ ಹಿಡಿದಿದ್ದಾರೆ ಅಂತ ಹೇಳುವುದಕ್ಕೇ ಆಗುವುದಿಲ್ಲ. ಕಾರ್ನೆಗಿ ಹಾಲ್ ಕಛೇರಿ ಮುಗಿದ ಅದೇ ರಾತ್ರಿ ಬೇಸಿ ಬ್ಯಾಂಡಿಗೂ ವೆಬ್ ಬ್ಯಾಂಡಿಗೂ ಇದೇ ಸವಾಯ್‌ನಲ್ಲಿ ಪಂದ್ಯ. ಅಲ್ಲಿ ನುಡಿಸಿದವರೇ ಇಲ್ಲಿ ಕೇಳಲು ಓಡಿ ಬಂದಿದ್ದರಂತೆ.

'ಜೋ ಜೋನ್ಸ್ ಸೋಲೋನೇ ಮಾಡಲ್ವಲ್ಲ ತಾತ, ಬೋರ್,' ಅಂದ ಅವನು. ಅವನ ವಯಸ್ಸಿಗೆ ನಾನೂ ಅದನ್ನೇ ಅನ್ನುತ್ತಿದ್ದೆ. ಪಲ್ಲವಿಗೆ ಹಿತವಾಗಿ ನುಡಿಸು ಅಂತ ಗುರುಗಳು ಬೈದರೆ, ತನಿ ಯಾವಾಗ ಬರುತ್ತದೋ ಅಂತ ಕಾಯುತ್ತಿದ್ದವನು ನಾನು.

ಸಂಜೆ ಮನೆಗೆ ಬಂದ ಮೇಲೆ ಮತ್ತೆ ಬೇಸ್‌ಮೆಂಟಿಗೆ ಇಳಿದೆವು. ನಾನು ಬುದ್ಧಿವಂತಿಕೆ ತೋರಿಸಲು ಹೊರಟೆ. ಸಿಂಬಲ್ ಮೇಲಿನ ಆ 'ಡಿಂಗ್, ಡಿಂಗ-ಡಿಂಗ್' ಇದೆಯಲ್ಲ, ಅದು ತಿಸ್ರ ನಡೆ, ಮೂರರ ಲೆಕ್ಕ ಕಣೋ, 'ತಕಿಟ'ದಲ್ಲಿ 'ಕಿ' ನುಂಗಿದರೆ ಆಯಿತು ಅಂದೆ. ಬಾರಿಸಿಯೂ ತೋರಿಸಿದೆ. ಅವನು ಮುಖ ಹುಳ್ಳಗೆ ಮಾಡಿದ. 'ಲೆಕ್ಕ ಸರಿ ತಾತ, ಆದ್ರೆ ರೋಬೋ ಥರ ಇದೆ.' ನಿಧಾನದ ಹಾಡಿನಲ್ಲಿ ತಿಸ್ರಕ್ಕೆ ಹತ್ತಿರ, ವೇಗ ಹೆಚ್ಚಿದಂತೆ ಚತುರಶ್ರದ, ಅಂದರೆ ನಾಲ್ಕರ ಲೆಕ್ಕದ ಕಡೆಗೆ ಜಾರುತ್ತದಂತೆ. ಎರಡರಲ್ಲೂ ಕೂರುವುದಿಲ್ಲ. ಬರೆಯಲು ಹೋದರೆ ಕೈಗೆ ಸಿಗದು. ಅವನು ಬಾರಿಸಿ ತೋರಿಸಿದ. ವ್ಯತ್ಯಾಸ ಕಿವಿಗೆ ಗೊತ್ತಾಯಿತು, ಕೈಗೆ ಬರಲಿಲ್ಲ.

ಆಮೇಲೆ ಅವರ ಮೇಷ್ಟ್ರು ಕಲಿಸಿದ ಇನ್ನೊಂದು ಪಾಠ. ಆ ಕಾಲದವರು ಹೈ-ಹ್ಯಾಟಿಗೆ ಬಂದ ಮೇಲೂ ಬೇಸ್ ಡ್ರಮ್ ಪೂರ್ತಿ ಬಿಡಲಿಲ್ಲ. ನಾಲ್ಕೂ ಅಕ್ಷರಕ್ಕೆ ಪೆಡಲ್ ಮುಟ್ಟುತ್ತಿದ್ದರು, ಗರಿ ಸವರಿದ ಹಾಗೆ. ಅದಕ್ಕೇ ಫೆದರಿಂಗ್ ಅಂತ ಹೆಸರು. ಸಭೆಯಲ್ಲಿ ಕೂತವರಿಗೆ ಅದು ಕೇಳಿಸಬಾರದು, ಆದರೆ ಕುಣಿಯುವವರ ಅಂಗಾಲಿಗೆ ತಟ್ಟಬೇಕು. ಮೊದಲು ನನ್ನದು ಬಾಗಿಲು ಬಡಿದ ಹಾಗಿತ್ತು. ಹಿಮ್ಮಡಿ ಕೆಳಗಿಟ್ಟು, ಬರೀ ಮುಂಗಾಲಿನಿಂದ, ಪೆಡಲ್ ಚರ್ಮವನ್ನು ಮುಟ್ಟಿತೋ ಇಲ್ಲವೋ ಅನ್ನುವಷ್ಟು. ಒಂದು, ಎರಡು, ಮೂರು, ನಾಲ್ಕು. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾಲೊಂದನ್ನೇ ಆಡಿಸುತ್ತಾ ಹೋದೆ. ಐದು ನಿಮಿಷ ಆಗಿರಬೇಕು. ಮೊಮ್ಮಗ ಮೊಬೈಲ್ ನೋಡುತ್ತಾ ಕೂತಿದ್ದ. ನನಗೇ ಸದ್ದು ಕೇಳಿಸುತ್ತಿರಲಿಲ್ಲ.

ಮೇಲೆ ಅಡುಗೆಮನೆಯಿಂದ ಹೆಂಡತಿ ಕೂಗಿದಳು. 'ರೀ, ನೆಲ ಅದುರ್ತಿದೆ. ಆ ವಾಷಿಂಗ್ ಮಷೀನ್ ಸ್ವಲ್ಪ ನೋಡ್ರೀ!'

ಮೊಮ್ಮಗ ತಲೆ ಎತ್ತಿ ನನ್ನ ಕಾಲು ನೋಡಿದ.