ಪವರ್ ಆಂಪ್ ಹೋಲಿಕೆ: ಮಟ್ಟ ಸರಿಮಾಡಿದ ಮೇಲೆ ಉಳಿದದ್ದು

ಸದ್ಯ ಮೇಜಿನ ಮೇಲಿರುವುದು ಸ್ಪೀಕರ್ ಓಡಿಸುವ ಎರಡು ಆಂಪ್ಲಿಫೈಯರ್: ಎಲ್‌ಎಂ3886 ಚಿಪ್ ಹಾಕಿ ಕಟ್ಟಿದ ಕ್ಲಾಸ್ ಎಬಿ (ಹಳೆಯ ಅನಲಾಗ್ ಬಗೆ), ಟಿಪಿಎ3255 ಬೋರ್ಡಿನ ಕ್ಲಾಸ್ ಡಿ (ಔಟ್‌ಪುಟ್ಟನ್ನು ಅತಿವೇಗವಾಗಿ ಆನ್-ಆಫ್ ಮಾಡುವ ಬಗೆ). ಕ್ಲಾಸ್ ಎ ಮೊದಲೇ ಕೈಬಿಟ್ಟೆ. ಹಾಡು ನಿಂತರೂ ಕರೆಂಟ್ ಎಳೆಯುತ್ತಲೇ ಇರುವ, ಲೆಕ್ಕದಲ್ಲೇ ಶೇ. 50ರ ದಕ್ಷತೆ ದಾಟದ ಆ ಒಲೆಯನ್ನು ಮುಚ್ಚಿದ ಕಪಾಟಿನಲ್ಲಿ ಇಡಲಾಗದು.

ಸುಮ್ಮನೆ ವೈರ್ ಬದಲಿಸಿ ಕೇಳಿದರೆ ಎಬಿಯೇ ಗೆಲ್ಲುತ್ತದೆ. ಬೇಸ್ ತುಂಬಿಕೊಂಡಂತೆ, ದನಿ ಮುಂದೆ ಬಂದಂತೆ. ಆದರೆ ಅದರ ಗೇನ್ (ಸಿಗ್ನಲ್ ವೋಲ್ಟೇಜನ್ನು ಹಿಗ್ಗಿಸುವ ಪ್ರಮಾಣ) 21 ಪಟ್ಟು, ಕ್ಲಾಸ್ ಡಿ ಬೋರ್ಡಿನದು ಸುಮಾರು 12 ಪಟ್ಟು. ವಾಲ್ಯೂಮ್ ಮುಟ್ಟದಿದ್ದರೂ ಹತ್ತಿರ ಹತ್ತಿರ 5 ಡಿಬಿ (ಡೆಸಿಬೆಲ್) ವ್ಯತ್ಯಾಸ! 100 ವ್ಯಾಟಿಗೂ 50 ವ್ಯಾಟಿಗೂ ಇರುವ ಅಂತರವೇ ಬರೀ 3 ಡಿಬಿ. ಜೋರಾಗಿರುವುದೇ ಕಿವಿಗೆ ಚೆಂದ ಅನ್ನಿಸುತ್ತದೆ.

ಹಾಗಾಗಿ ಎಬಿಯ ಇನ್‌ಪುಟ್‌ಗೆ ಒಂದು ಪಾಟ್ (ಮಟ್ಟ ತಗ್ಗಿಸುವ ತಿರುಗುಗುಂಡಿ) ಹಾಕಿದೆ. 200 ಹರ್ಟ್ಸ್ ಟೋನ್ ಬಿಟ್ಟು, ಸ್ಪೀಕರ್ ಟರ್ಮಿನಲ್ಲಿಗೇ ಮಲ್ಟಿಮೀಟರ್ ಹಿಡಿದು ಎರಡನ್ನೂ 2.83 ವೋಲ್ಟಿಗೆ ತಂದೆ. 8 ಓಮ್‌ಗೆ ಅದು 1 ವ್ಯಾಟ್. ಓದಿನಲ್ಲಿ ಶೇ. 1ರಷ್ಟು ಆಚೀಚೆಯಾದರೂ 0.1 ಡಿಬಿ ಒಳಗೇ ಇರುತ್ತದೆ. (ಟೋನ್ ಯಾಕೆ 1 ಕಿಲೋಹರ್ಟ್ಸ್ ಅಲ್ಲ ಅಂದರೆ, ಅಗ್ಗದ ಮೀಟರುಗಳು ಎಸಿಯನ್ನು ಅಷ್ಟು ಮೇಲೆ ನಂಬಿಕೆಯಿಂದ ಓದುವುದಿಲ್ಲ.)

ಹೆಚ್ಚು ಹೊತ್ತು ತಿಂದದ್ದು ಸ್ಪೀಕರನ್ನು ಒಂದು ಆಂಪಿನಿಂದ ಇನ್ನೊಂದಕ್ಕೆ ಬದಲಿಸುವ ಸ್ವಿಚ್ ಪೆಟ್ಟಿಗೆ. ಎಬಿಯಲ್ಲಿ ಸ್ಪೀಕರಿನ ಮೈನಸ್ ಅಂದರೆ ಗ್ರೌಂಡ್. ಕ್ಲಾಸ್ ಡಿ ಬೋರ್ಡ್ ಬ್ರಿಡ್ಜ್ ಜೋಡಣೆಯದು, ಅಂದರೆ ಸ್ಪೀಕರಿನ ಎರಡೂ ತುದಿಯನ್ನು ಆಂಪೇ ಓಡಿಸುತ್ತದೆ. ಅದರ ಪ್ಲಸ್, ಮೈನಸ್ ಎರಡೂ ಸಪ್ಲೈನ ಅರ್ಧ ವೋಲ್ಟೇಜಿನಲ್ಲಿ ಕೂತಿರುತ್ತವೆ. ಎರಡು ಆಂಪ್‌ಗಳ ಮೈನಸ್ ಸೇರಿಸಿ ಪ್ಲಸ್ ಮಾತ್ರ ಬದಲಿಸಿದರೆ ಕ್ಲಾಸ್ ಡಿಯ ಮೈನಸ್ ಗ್ರೌಂಡಿಗೆ ಶಾರ್ಟ್ ಆಗಿ ಚಿಪ್ ಹೋದಂತೆಯೇ. ಆಸಿಲೋಸ್ಕೋಪಿನ ಗ್ರೌಂಡ್ ಕ್ಲಿಪ್ ಸಿಕ್ಕಿಸಿದರೂ ಅದೇ ಗತಿ. ಆದ್ದರಿಂದ ಪ್ರತಿ ಚಾನೆಲ್ಲಿಗೂ ಎರಡೂ ತಂತಿ ಒಟ್ಟಿಗೆ ಬದಲಿಸುವ ರಿಲೇ, ಅದೂ ಒಂದನ್ನು ಪೂರ್ತಿ ಬಿಟ್ಟ ಮೇಲೆಯೇ ಇನ್ನೊಂದನ್ನು ಹಿಡಿಯುವಂಥದ್ದು.

ಸ್ವಿಚ್ ತಮ್ಮನ ಕೈಗೆ ಕೊಟ್ಟು, ಯಾವುದು ಓಡುತ್ತಿದೆಯೆಂದು ಗೊತ್ತಿಲ್ಲದೆ ಕೇಳಿದೆ. ಆ ತುಂಬಿದ ಬೇಸ್ ಮಾಯ. ಗಾಯನ, ಪಿಯಾನೊ, ಡಬಲ್ ಬೇಸ್ ಯಾವುದರಲ್ಲೂ ಬೇರೆ ಮಾಡಲಾಗಲಿಲ್ಲ. ಡ್ರಮ್ಮಿನ ಸಿಂಬಲ್ಲಿನಲ್ಲಿ ಮಾತ್ರ ಕ್ಲಾಸ್ ಡಿ ಸ್ವಲ್ಪ ಹೊಳಪು. ಈ ಬೋರ್ಡಿನಲ್ಲಿ, ತಪ್ಪು ತಿದ್ದಿಕೊಳ್ಳಲು ಔಟ್‌ಪುಟ್ಟಿನ ಒಂದಂಶವನ್ನು ಹಿಂದಕ್ಕೆ ಕಳಿಸುವ ಫೀಡ್‌ಬ್ಯಾಕ್ ತೆಗೆದುಕೊಳ್ಳುವುದು ಔಟ್‌ಪುಟ್ ಫಿಲ್ಟರಿಗೆ (ಆನ್-ಆಫ್ ಸದ್ದನ್ನು ಸೋಸುವ ಭಾಗ) ಮೊದಲೇ. ಹಾಗಾಗಿ ಫಿಲ್ಟರ್ ಮಾಡುವ ಏರುಪೇರು ತಿದ್ದಿಕೊಳ್ಳುವುದಿಲ್ಲ. ನನ್ನ ಸ್ಪೀಕರಿನ ಇಂಪೀಡೆನ್ಸ್ (ಎಸಿಗೆ ಒಡ್ಡುವ ತಡೆ) ಟ್ರೆಬಲ್ಲಿನಲ್ಲಿ ಏರುವುದರಿಂದ ಫಿಲ್ಟರ್ ಅಲ್ಲಿ ಕೊಂಚ ಎತ್ತುತ್ತದೆ ಅನ್ನುವುದು ನನ್ನ ಗುಮಾನಿ. ಸ್ಪೀಕರಿಗೆ ಅಡ್ಡಲಾಗಿ ರೆಸಿಸ್ಟರ್-ಕೆಪಾಸಿಟರ್ ಜೋಡಿಸಿ ಆ ಏರನ್ನು ತಗ್ಗಿಸಿದರೆ ಹೊಳಪೂ ಹೋಗಬೇಕು. ಬಿಡಿಭಾಗ ಬಂದಿವೆ, ಬೆಸುಗೆ ಬಾಕಿ.